ಸುಣ್ಣದ ಬೆರಳು

ಜುಲೈ ೮, ಸೋಮವಾರ

ಆರು ತಿಂಗಳ ಮೇಲೆ ಇವತ್ತು ಪ್ರಯೋಗಾಲಯಕ್ಕೆ ಹೋದೆ. ಹೆರಿಗೆ ರಜೆಯಲ್ಲಿ ಡೈರಿ ಮುಟ್ಟಿರಲಿಲ್ಲ. ಬರೆಯಲು ಇದ್ದದ್ದಾದರೂ ಏನು? ಕೂಸು ಮಲಗಿತು, ಕೂಸು ಎದ್ದಿತು. ಈಗ ಮತ್ತೆ ನನ್ನದು ಅನ್ನುವ ಕೆಲಸ ಶುರುವಾಯಿತು, ಅದಕ್ಕೇ ಪುಟ ತೆರೆದೆ.

ಖಾನಾಪುರದ ತವರುಮನೆಯಲ್ಲೇ ಇದ್ದೇನೆ. ಅವ್ವ ಕೂಸನ್ನು ನೋಡಿಕೊಳ್ಳುತ್ತಾಳೆ, ನಾನು ಬೆಳಗಿನ ರೈಲಿಗೆ ಬೆಳಗಾವಿಗೆ ಹೋಗಿ ಸಂಜೆ ಬರುತ್ತೇನೆ. ಚೇತನನಿಗೆ ಮಚ್ಛೆಯ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಟಿಳಕವಾಡಿಯ ಮನೆಯಲ್ಲಿ ಒಬ್ಬನೇ ಬೇಯಿಸಿಕೊಂಡು ಉಣ್ಣುತ್ತಾನೆ, ಭಾನುವಾರ ಬಂದು ಮಗಳ ಮುಖ ನೋಡಿ ಹೋಗುತ್ತಾನೆ.

ಹಿತ್ತಲ ಹಿಂದಿನ ಬದುವಿನಲ್ಲಿ ಕೇನಾ ಹುಲುಸಾಗಿ ಬೆಳೆದಿದೆ. ನೀಲಿ ಹೂವಿನ ಈ ಕಳೆ ಕಂಡರೆ ಊರವರಿಗೆ ಸಿಟ್ಟು, ನನಗೆ ಪ್ರೀತಿ. ಎಲೆಯ ತಳದ ಸಿಪ್ಪೆ ಇಷ್ಟು ಸಲೀಸಾಗಿ ಬಿಡುವ ಗಿಡ ನನಗೆ ಇನ್ನೊಂದು ಸಿಕ್ಕಿಲ್ಲ. ಎಲೆ ಮಡಚಿ ತೋರುಬೆರಳಿನ ಉಗುರು ಕೊಟ್ಟು ಎಳೆದರೆ ಈರುಳ್ಳಿಯ ಪೊರೆಯ ಹಾಗೆ ಬರುತ್ತದೆ. ಉಳಿದವರು ಕೈಗವಸು ಹಾಕಿಕೊಂಡು, ಚಿಮಟ ಹಿಡಿದು, ಕೊನೆಗೆ ಹರಿದು ಇಡುತ್ತಾರೆ. ನನಗೆ ಬರಿಗೈ ಸಾಕು. ನನ್ನ ಮಾರ್ಗದರ್ಶಕರಾದ ಬಸವಪ್ರಸಾದ ಸರ್ ಹೊಸಬರಿಗೆಲ್ಲ ನನ್ನನ್ನು ತೋರಿಸಿ, ಸಮೃದ್ಧಿಯ ಉಗುರು ನೋಡಿ ಕಲಿಯಿರಿ ಅನ್ನುತ್ತಿದ್ದರು. ಇವತ್ತೂ ಅಂದರು.

ಅಟೆಂಡರ್ ರಾಯಪ್ಪ ಹಾಗೇ ಇದ್ದಾನೆ. ದೇಸೂರಿನಿಂದ ಬರುತ್ತಾನೆ, ಇಪ್ಪತ್ತೆರಡು ವರ್ಷದಿಂದ ಅದೇ ಗಾಜು ತೊಳೆಯುತ್ತಿದ್ದಾನೆ. ಎಡ ಅಂಗೈಯಲ್ಲಿ ತಂಬಾಕು, ಅದಕ್ಕೊಂದಿಷ್ಟು ಸುಣ್ಣ, ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಬಾಯಿಗೆ. ಕೂಸು ಹೆಂಗೈತ್ರಿ ಅಕ್ಕಾರ ಎಂದು ಕೇಳಿದ. ಚೆನ್ನಾಗಿದೆ ಅಂದೆ.

ಊಟದ ಡಬ್ಬಿಯ ಜೊತೆ ಅವ್ವ ಎಲೆ, ಅಡಿಕೆ, ಸುಣ್ಣದ ಪುಟ್ಟ ಕರಡಿಗೆ ಕಟ್ಟಿಕೊಟ್ಟಿದ್ದಾಳೆ. ಕೂಸು ಹಾಲು ಬಿಡುವ ತನಕ ತಾಯಿ ಊಟದ ಮೇಲೆ ಎಲೆ ತಿನ್ನಲೇಬೇಕಂತೆ, ಎಲುಬಿಗೆ ಒಳ್ಳೆಯದು, ಹಾಲಿಗೂ ಒಳ್ಳೆಯದು. ಪಿಎಚ್‌ಡಿ ಮಾಡುವವಳು ಸುಣ್ಣ ಸವರಿಕೊಂಡು ಎಲೆ ಜಗಿಯುವುದನ್ನು ಯಾರಾದರೂ ನೋಡಿದರೆ ಮರ್ಯಾದೆ ಹೋಗುತ್ತದೆ. ಸ್ಟೋರಿನ ಹಿಂದೆ ನಿಂತು ತಿಂದು, ಕೆಂಪು ಕಾಣದಂತೆ ಮೂರು ಸಲ ಬಾಯಿ ಮುಕ್ಕಳಿಸಿ ಒಳಗೆ ಬಂದೆ.

ಜುಲೈ ೧೭, ಬುಧವಾರ

ಕೆಟ್ಟ ವಾರ. ಎಲೆಯ ಬಾಯಿಗಳು ನನ್ನ ಮಾತು ಕೇಳುತ್ತಿಲ್ಲ.

ಮೊನ್ನೆ ಅವ್ವ ನೀನು ದಿನಾ ಏನು ನೋಡುತ್ತೀ ಎಂದು ಕೇಳಿದಾಗ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತೇನೆ, ನನ್ನ ತಲೆಯಾದರೂ ತಿಳಿಯಾಗಲಿ. ಎಲೆಯ ತಳದಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿರುತ್ತವೆ. ಒಂದೊಂದಕ್ಕೂ ಎರಡು ಕಾವಲು ಕೋಶ, ಎರಡು ಅಲಸಂದಿ ಕಾಳು ಎದುರುಬದುರು ಇಟ್ಟಂತೆ. ಕೋಶಗಳು ನೀರು ಕುಡಿದು ಉಬ್ಬಿದರೆ ಬಾಗುತ್ತವೆ, ನಡುವೆ ಸಂದು ತೆರೆಯುತ್ತದೆ, ಎಲೆ ಉಸಿರಾಡುತ್ತದೆ. ನೀರಿನ ಕೊರತೆ ಬಂದಾಗ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಅದೇ ಸುದ್ದಿ. ಸುದ್ದಿ ತಲುಪಿದೊಡನೆ ಕೋಶ ತನ್ನೊಳಗಿನ ಉಪ್ಪನ್ನು ಹೊರಗೆ ಬಿಡುತ್ತದೆ, ಉಪ್ಪಿನ ಹಿಂದೆ ನೀರೂ ಹೋಗುತ್ತದೆ, ಕಾಳುಗಳು ಸೊರಗಿ ಬಾಯಿ ಮುಚ್ಚುತ್ತದೆ. ಕ್ಯಾಲ್ಸಿಯಂ ಏರಿ ಇಳಿದು, ಏರಿ ಇಳಿದು, ಅಲೆಅಲೆಯಾಗಿ ಬರುತ್ತದೆ. ಅಲೆಗಳ ಲೆಕ್ಕ ಸರಿಯಾಗಿ ಬಿದ್ದರೆ ಕ್ಯಾಲ್ಸಿಯಂ ಹೋದ ಮೇಲೂ ಬಾಯಿ ಮುಚ್ಚಿಯೇ ಇರುತ್ತದೆ, ತಪ್ಪಿದರೆ ಮತ್ತೆ ತೆರೆದುಕೊಳ್ಳುತ್ತದೆ. ಎಷ್ಟು ಅಲೆಗೆ ಎಷ್ಟು ಹೊತ್ತು ಮುಚ್ಚಿರುತ್ತದೆ ಎನ್ನುವುದು ನನ್ನ ಪ್ರಬಂಧ. ಅವ್ವ ಎಲ್ಲ ಕೇಳಿ, ಅಂದರ ಎಲಿಗೂ ಬಾಯಿ ಮುಚ್ಚಾಕ ಬರತೈತಿ ಅಂದಳು.

ಇದನ್ನೆಲ್ಲ ಅಳೆಯಬೇಕಾದರೆ ಸಿಪ್ಪೆ ತೇಲಿಬಿಡುವ ಗಾಜಿನ ತಟ್ಟೆಗಳಲ್ಲಿ ಕ್ಯಾಲ್ಸಿಯಂ ಹಾಕದ ತಟ್ಟೆಯ ರಂಧ್ರ ತೆರೆದಿರಬೇಕು. ಅದು ಅಡಿಪಾಯ. ಬೆಳಿಗ್ಗೆ ಸುಲಿದ ಸಿಪ್ಪೆ ಚೆನ್ನಾಗಿ ತೆರೆಯುತ್ತದೆ. ಮಧ್ಯಾಹ್ನ ಎರಡಕ್ಕೆ ಸುಲಿದದ್ದು ಮಾತ್ರ, ಅದೇ ದ್ರಾವಣ, ಅದೇ ದೀಪ, ಮುಚ್ಚಿಕೊಂಡು ಕೂತಿರುತ್ತದೆ. ಏಳು ದಿನವೂ ಹೀಗೇ.

ಸೆಪ್ಟೆಂಬರ್ ೫ಕ್ಕೆ ಸಮಿತಿ. ಇದು ನನಗೆ ಕೊಟ್ಟ ಕೊನೆಯ ಅವಕಾಶ. ಅಂದು ತೋರಿಸಲು ಏನೂ ಇಲ್ಲದಿದ್ದರೆ ಐದು ವರ್ಷದ ನೋಂದಣಿ ರದ್ದು.

ಜುಲೈ ೨೫, ಗುರುವಾರ

ಭಟ್ಟಿ ಇಳಿಸಿದ ನೀರು ಬದಲಿಸಿದೆ. ಉಪ್ಪುಗಳ ಹೊಸ ಬಾಟಲಿ ಒಡೆದೆ. ದೀಪ ಬದಲಿಸಿದೆ. ಮಧ್ಯಾಹ್ನದ ತಟ್ಟೆ ಮುಚ್ಚಿಯೇ ಇದೆ.

ಇದರ ಮೇಲೆ ರಾಯಪ್ಪನ ಅಧಿಕಪ್ರಸಂಗ ಬೇರೆ. ಊಟ ಮುಗಿಸಿ ಬಂದು ಸುಲಿಯಲು ಕೇನಾ ಎಲೆ ಕೈಗೆತ್ತಿಕೊಂಡಿದ್ದೆ. ಅವನು ತೊಟ್ಟಿಯ ಹತ್ತಿರ ಹೊಸ ಸೋಪು ಬಿಚ್ಚಿಟ್ಟು, "ಸಾಬಾಣ ಇಟ್ಟೇನ್ರಿ ಅಕ್ಕಾರ, ಕೈ ತೊಳಕೋತೀರೇನು" ಎಂದ. ತಂಬಾಕು ತಿಕ್ಕುವವನು ನನಗೆ ಕೈ ತೊಳೆಯುವುದನ್ನು ಕಲಿಸುತ್ತಾನೆ. ನನ್ನ ಕೈ ನನಗೆ ಗೊತ್ತಿದೆ ಅಂದೆ. ಸೋಪು ಅಲ್ಲೇ ಬಿಟ್ಟು ಹೋದ.

ಆಗಸ್ಟ್ ೫, ಸೋಮವಾರ

ತೆರೆದವು! ಮಧ್ಯಾಹ್ನದ ತಟ್ಟೆಯಲ್ಲಿ ಅರವತ್ತು ರಂಧ್ರ ಅಳೆದೆ, ಅರವತ್ತೂ ತೆರೆದಿದ್ದವು. ಖುಷಿಗೆ ಹಸಿವೂ ಮರೆತುಹೋಯಿತು. ಹೇಗೂ ಇವತ್ತು ಶ್ರಾವಣದ ಮೊದಲ ಸೋಮವಾರ, ನನ್ನದು ಒಪ್ಪತ್ತು. ಹಾಲೂಡಿಸುವವಳಿಗೆ ಉಪವಾಸ ಯಾಕೆ ಎಂದು ಅವ್ವ ಬೈದಳು, ಆದರೂ ಡಬ್ಬಿ ಬಿಟ್ಟು ಬಾಳೆಹಣ್ಣು ಮಾತ್ರ ಒಯ್ದಿದ್ದೆ. ಶಿವ ಕಣ್ಣು ಬಿಟ್ಟ.

ಆಗಸ್ಟ್ ೬, ಮಂಗಳವಾರ

ಮುಚ್ಚಿವೆ.

ಆಗಸ್ಟ್ ೧೨, ಸೋಮವಾರ

ಸಿಕ್ಕಿತು. ಕಾರಣ ಸಿಕ್ಕಿತು.

ಇವತ್ತೂ ತೆರೆದವು. ನಡುವಿನ ಐದು ದಿನ ಮುಚ್ಚಿದ್ದವು. ಹಾಗಾದರೆ ಸೋಮವಾರ ಏನು ವಿಶೇಷ ಎಂದು ಯೋಚಿಸುತ್ತ ಕುಳಿತಿದ್ದಾಗ ರಾಯಪ್ಪ ಬರಿಗೈಯಲ್ಲಿ ಬಾಗಿಲ ಬಳಿ ಕುಳಿತದ್ದು ಕಣ್ಣಿಗೆ ಬಿತ್ತು. ತಂಬಾಕಿನ ಚೀಲ ಎಲ್ಲಿ ಅಂದೆ. "ಶ್ರಾವಣ ಸೋಮಾರ ಐತ್ರಿ ಅಕ್ಕಾರ, ಇವತ್ತ ತಂಬಾಕ ಮುಟ್ಟಾಂಗಿಲ್ಲ" ಎಂದ.

ತಂಬಾಕು ಇಲ್ಲ ಅಂದರೆ ಸುಣ್ಣ ಇಲ್ಲ. ಸುಣ್ಣ ಅಂದರೆ ಕ್ಯಾಲ್ಸಿಯಂ ಅಲ್ಲದೆ ಇನ್ನೇನು! ಬೆಳಗಿನ ತಟ್ಟೆಗಳನ್ನು ಅವನು ಹಿಂದಿನ ಸಂಜೆ ತೊಳೆದಿಟ್ಟಿರುತ್ತಾನೆ, ಮಧ್ಯಾಹ್ನದವನ್ನು ಊಟದ ಮೇಲೆ ತಂಬಾಕು ತಿಕ್ಕಿದ ಕೈಯಲ್ಲೇ ತೊಳೆಯುತ್ತಾನೆ. ಚಿಟಿಕೆಯ ಚೂರು ಸಾಕು, ತಟ್ಟೆಯ ಅಷ್ಟೂ ರಂಧ್ರ ಮುಚ್ಚಲು. ನನ್ನ ಐದು ವರ್ಷ ಒಬ್ಬನ ಚಟಕ್ಕೆ ಬಲಿಯಾಗುತ್ತಿತ್ತು. ಇಷ್ಟು ಅಚ್ಚುಕಟ್ಟಾದ ಪುರಾವೆ ನನ್ನ ಪ್ರಬಂಧದಲ್ಲೂ ಇಲ್ಲ.

ಆಗಸ್ಟ್ ೧೪, ಬುಧವಾರ

ಲಿಖಿತ ದೂರು ಕೊಟ್ಟೆ. ಬಸವಪ್ರಸಾದ ಸರ್ ಓದಿದರು, ಮುಖ ಕೆಂಪಾಯಿತು. ವಿಭಾಗದವರೆಲ್ಲ ಸೇರಿದ್ದ ಹೊತ್ತಿನಲ್ಲೇ ರಾಯಪ್ಪನನ್ನು ಕರೆಸಿದರು. ಕೈ ತೋರಿಸು ಎಂದರು. ಅವನು ತೋರಿಸಿದ, ಅಂಗೈ, ಆಮೇಲೆ ಹಿಂಬದಿ. ಮತ್ತೆ ಹೊರಳಿಸು ಎಂದರು, ಹೊರಳಿಸಿದ. ಎಡ ಅಂಗೈ ನಡುವೆ ತಂಬಾಕಿನ ಕಂದು ಕಲೆ ಇತ್ತು. ಯಾರೋ ನಕ್ಕರು.

ನಾನು ಎದುರಿಗೇ ಇದ್ದೆ. ಅವನು ಒಮ್ಮೆ ನನ್ನ ಮುಖ ನೋಡಿದ, ಆಮೇಲೆ ನನ್ನ ಕೈ ನೋಡಿದ. ನಂತರ ತಲೆ ತಗ್ಗಿಸಿ, "ನನ್ನ ಕೈಯಿಂದನ ಆಗಿರಬೇಕ್ರಿ ಸರ್. ನಂದ ತಪ್ಪ ಅಂತ ಬರಕೊಳ್ರಿ" ಎಂದ.

ಇಷ್ಟು ಬೇಗ ಒಪ್ಪುತ್ತಾನೆಂದು ನಾನು ಅಂದುಕೊಂಡಿರಲಿಲ್ಲ. ಒಪ್ಪಿದ್ದಾನೆ ಎಂದ ಮೇಲೆ ಮುಗಿಯಿತಲ್ಲ.

ಆಗಸ್ಟ್ ೧೬, ಶುಕ್ರವಾರ

ರಾಯಪ್ಪನನ್ನು ಇನ್ನು ಕಳಿಸಬೇಡಿ ಎಂದು ಸರ್ ಗುತ್ತಿಗೆಯವರಿಗೆ ತಿಳಿಸಿದರು. ಸಂಜೆ ಅವನು ಕೀಲಿ ಕೊಟ್ಟು ಹೋದ. ಹೋಗುವ ಮೊದಲು, ತಂಬಾಕು ತಿಕ್ಕಿದ ಅದೇ ಕೈಯಲ್ಲಿ, ನಲವತ್ತು ತಟ್ಟೆ ತೊಳೆದು, ಬೋರಲು ಹಾಕಿ, ಮೇಲೆ ಬಿಳಿ ಬಟ್ಟೆ ಹೊದಿಸಿ ಇಟ್ಟಿದ್ದ. ಅವನ್ನು ಮುಟ್ಟಲಿಲ್ಲ. ಕಪಾಟಿನ ಮೇಲೆ ಎತ್ತಿಟ್ಟು, ಹೊಸ ತಟ್ಟೆ ತರಿಸಿದೆ.

ರೈಲು ದೇಸೂರಿನಲ್ಲಿ ನಿಂತಾಗ ಅವನು ಇಳಿದು ಹೋಗುವುದು ಕಂಡಿತು. ಕೈಯಲ್ಲಿ ಡಬ್ಬಿಯ ಚೀಲ. ಎಲ್ಲರ ಹಾಗೆಯೇ ನಡೆದು ಹೋದ. ನನಗೆ ಏನೂ ಅನ್ನಿಸಲಿಲ್ಲ ಎಂದು ಬರೆಯಲು ಹೊರಟಿದ್ದೆ. ಸ್ವಲ್ಪ ಅನ್ನಿಸಿತು.

ಆಗಸ್ಟ್ ೧೯, ಸೋಮವಾರ

ಮಧ್ಯಾಹ್ನದ ತಟ್ಟೆ ತೆರೆದಿದೆ. ಅವನಿಲ್ಲ, ಸುಣ್ಣವಿಲ್ಲ, ತೆರೆದಿದೆ. ಸರ್ ಬೆನ್ನು ತಟ್ಟಿದರು. ಗುತ್ತಿಗೆಯವರು ಮನಿಷಾ ಎಂಬವಳನ್ನು ಕಳಿಸಿದ್ದಾರೆ. ಮದುವೆಯಾದ ಹೆಂಗಸು, ಮರಾಠಿ ಬೆರೆತ ಕನ್ನಡ, ಕೈಗವಸು ಹಾಕಿಯೇ ಕೆಲಸ, ಚಹಾ ಬಿಟ್ಟರೆ ಬೇರೆ ಚಟವಿಲ್ಲ.

ಆಗಸ್ಟ್ ೨೧, ಬುಧವಾರ

ನಿನ್ನೆ ಮುಚ್ಚಿದ್ದವು. ಏನೋ ಎಡವಟ್ಟು ಎಂದು ಬರೆಯಲಿಲ್ಲ. ಇವತ್ತೂ ಮುಚ್ಚಿವೆ.

ಹೊಸ ತಟ್ಟೆ, ಹೊಸ ಮನುಷ್ಯಳು, ಕೈಗವಸು.

ಆಗಸ್ಟ್ ೨೨, ಗುರುವಾರ

ಮುಚ್ಚಿವೆ.

ಆಗಸ್ಟ್ ೨೫, ಭಾನುವಾರ

ಮಧ್ಯಾಹ್ನ ಊಟವಾಯಿತು. ಅವ್ವ ಎಲೆಯ ತಟ್ಟೆ ಮುಂದಿಟ್ಟಳು. ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಇಟ್ಟು ಬಾಯಿಗೆ ಹಾಕಿಕೊಂಡೆ. ಚೇತನನ ತೊಡೆಯ ಮೇಲಿದ್ದ ಕೂಸು ನನ್ನನ್ನು ನೋಡಿ ನಕ್ಕಿತು, ನಾನು ಬಾಗಿ ಅದರ ಗಲ್ಲ ಚಿವುಟಿದೆ. ಅವ್ವ ನನ್ನ ಕೈ ಹಿಡಿದೆಳೆದಳು.

"ಸುಣ್ಣದ ಕೈಲೆ ಕೂಸಿನ ಗಲ್ಲ ಮುಟ್ಟತೀಯಲ್ಲ, ಚರ್ಮ ಸುಡತೈತಿ ಅದರದು. ಮೊದಲ ಹೋಗಿ ಉಗರ ತೊಳಿ."

ಕೂಸಿನ ಗಲ್ಲದ ಮೇಲೆ ಸಾಸಿವೆಯಷ್ಟು ಬಿಳಿ ಚುಕ್ಕೆ ಇತ್ತು. ನನ್ನ ಬಲಗೈ ತೋರುಬೆರಳಿನ ಉಗುರಿನ ಸಂದಿಯಲ್ಲಿ ಇನ್ನೂ ಇಷ್ಟು.

ಚೇತನ ಏನಾಯಿತು ಎಂದು ಎರಡು ಸಲ ಕೇಳಿದ. ಏನೂ ಇಲ್ಲ ಅಂದೆ. ಬಚ್ಚಲಿಗೆ ಹೋಗಿ ಉಗುರು ತೊಳೆಯುತ್ತ ನಿಂತೆ, ನೀರು ಹರಿಯುತ್ತಲೇ ಇತ್ತು. ಸೋಮವಾರ ರಾಯಪ್ಪ ತಂಬಾಕು ತಿಕ್ಕುವುದಿಲ್ಲ. ಸೋಮವಾರ ನಾನೂ ಉಣ್ಣುವುದಿಲ್ಲ, ಎಲೆ ತಿನ್ನುವುದಿಲ್ಲ. ಇದನ್ನು ಇದೇ ಪುಟಗಳಲ್ಲಿ ನನ್ನ ಕೈಯಾರೆ ಬರೆದಿದ್ದೇನೆ, ಬರೆದೂ ನೋಡಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಕತೆ ಸಣ್ಣಂದಿನಲ್ಲಿ ಕೇಳಿ ನಗುತ್ತಿದ್ದೆ.

ಆಗಸ್ಟ್ ೨೭, ಮಂಗಳವಾರ

ಖಾತ್ರಿ ಮಾಡಿಕೊಂಡೆ. ಬೆಳಿಗ್ಗೆಯೇ, ಮೂರು ಸಾಲು.

ಒಂದು ಸಾಲಿಗೆ ಸೋಪಿನಿಂದ ತೊಳೆದ ಉಗುರು. ಇನ್ನೊಂದಕ್ಕೆ ಎಲೆಗೆ ಸುಣ್ಣ ಸವರಿದ ಉಗುರು. ಮೂರನೆಯದಕ್ಕೂ ತೊಳೆದ ಉಗುರೇ, ಆದರೆ ರಾಯಪ್ಪ ಹೋಗುವ ದಿನ ತೊಳೆದಿಟ್ಟಿದ್ದ ತಟ್ಟೆಗಳನ್ನು ಕಪಾಟಿನಿಂದ ಇಳಿಸಿ, ಹಾಗೇ ಬಳಸಿದೆ, ಇನ್ನೊಮ್ಮೆ ತೊಳೆಯಲಿಲ್ಲ.

ಸುಣ್ಣದ ಉಗುರಿನವು ಮುಚ್ಚಿದವು. ರಾಯಪ್ಪನ ತಟ್ಟೆಗಳಲ್ಲಿ ಎಲ್ಲ ತೆರೆದವು. ನಾನು ತೊಳೆದದ್ದಕ್ಕಿಂತ ಚೆನ್ನಾಗಿ ತೆರೆದವು.

ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ತೆಗೆದರೆ ಯಾರದಾದರೂ ಮುಖ ನೋಡಬೇಕಾಗುತ್ತದೆ. ನಾಚಿಕೆ ಅನ್ನುವುದು ಮುಖಕ್ಕೆ ಬರುವುದೆಂದು ತಿಳಿದಿದ್ದೆ. ಅದು ಹೊಟ್ಟೆಯಲ್ಲಿರುತ್ತದೆ, ಏನು ಉಂಡರೂ ಅದರ ಮೇಲೇ ಬೀಳುತ್ತದೆ.

ಆಗಸ್ಟ್ ೨೯, ಗುರುವಾರ

ಯಾರಿಗೂ ಹೇಳಿಲ್ಲ.

ಎಲೆ ತಿನ್ನುವುದು ಬಿಟ್ಟೆ, ಮಧ್ಯಾಹ್ನದ ತಟ್ಟೆಗಳು ತೆರೆಯುತ್ತಿವೆ. ಒಂದು ವಾರದ ಒಳ್ಳೆಯ ಅಂಕಿ ಸಿಕ್ಕರೆ ಸಮಿತಿಗೆ ಸಾಕು. ಸರ್ ಇವತ್ತು ಎಲ್ಲರೆದುರು, ನೋಡಿ, ಒಬ್ಬನನ್ನು ತೆಗೆದದ್ದೇ ಕೆಲಸ ಹೇಗೆ ಹಳಿಗೆ ಬಂತು ಎಂದರು. ನಾನು ಬಾಯಿ ಬಿಡಲಿಲ್ಲ. ಮನಿಷಾ ಪಕ್ಕದಲ್ಲೇ ಗಾಜು ಒರೆಸುತ್ತಿದ್ದಳು.

ಸುಮ್ಮನಿರಲು ಕಾರಣಗಳು ಬೇಕಾದಷ್ಟಿವೆ. ಸಮಿತಿ ಹತ್ತಿರವಿದೆ. ಅವನೇ ಒಪ್ಪಿಕೊಂಡ. ತಂಬಾಕು ತಿಕ್ಕುವುದೂ ಸರಿಯಲ್ಲ. ಇವನ್ನೆಲ್ಲ ಮನಸ್ಸಿನಲ್ಲಿ ಪಟ್ಟಿ ಮಾಡಿದೆ. ನನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ನಾನು ಪಕ್ಕದ ಎಲೆಯ ನೊಣ ತೋರಿಸಿ ಊಟದವರನ್ನೇ ಎಬ್ಬಿಸಿ ಕಳಿಸಿದೆ.

ಸಂಜೆ ರೈಲಿನಲ್ಲಿ ದೇಸೂರಿನ ಪ್ಲಾಟ್‌ಫಾರ್ಮ್ ಕಾಣದ ಬದಿಗೆ ಕುಳಿತೆ.

ಆಗಸ್ಟ್ ೩೧, ಶನಿವಾರ

ಎಲೆ ಯಾಕೆ ಮುಟ್ಟುತ್ತಿಲ್ಲ ಎಂದು ಅವ್ವ ಹಿಡಿದು ಕೇಳಿದಳು. ಹೇಳಿದೆ. ಪೂರ್ತಿ ಹೇಳಿದೆ, ದೂರಿನ ಕಾಗದವನ್ನೂ ಸೇರಿಸಿ. ಬೈಯುತ್ತಾಳೆಂದುಕೊಂಡೆ. ಅವಳು ಕೂಸನ್ನು ತೊಟ್ಟಿಲಿಗೆ ಹಾಕಿ, ತೂಗುತ್ತ ತೂಗುತ್ತ ಒಂದೇ ಕೇಳಿದಳು. "ಆ ಮನಷ್ಯಾಗ ಮನ್ಯಾಗ ಯಾರ ಅದಾರ?"

ನನಗೆ ಗೊತ್ತಿರಲಿಲ್ಲ. ಐದು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದ್ದೇನೆ. ನನ್ನ ಕೂಸಿನ ಬಗ್ಗೆ ಅವರು ದಿನಾ ಕೇಳುತ್ತಿದ್ದರು.

ಸೆಪ್ಟೆಂಬರ್ ೧, ಭಾನುವಾರ

ದೇಸೂರಿಗೆ ಹೋಗಿ ಬಂದೆ. ಸ್ಟೇಷನ್ನಿನಲ್ಲಿ ಕೇಳಿದರೆ ಯಾರಾದರೂ ಮನೆ ತೋರಿಸುತ್ತಾರೆ, ತೋರಿಸಿದರು. ತಗಡಿನ ಚಾವಣಿ, ಮುಂದೆ ಕಟ್ಟೆ, ಪಕ್ಕದಲ್ಲಿ ನಾಲ್ಕು ಕುರಿ. ರಾಯಪ್ಪ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದರು. ನನ್ನನ್ನು ಕಂಡದ್ದೇ ಎದ್ದು, ಬರ್ರಿ ಅಕ್ಕಾರ, ಕುಂದರ್ರಿ ಎಂದು ಕಂಬಳಿ ಕೊಡವಿ ಹಾಸಿದರು. ಅವರ ಹೆಂಡತಿ ಸಾವಂತ್ರವ್ವ ಬಾಗಿಲಲ್ಲಿ ನಿಂತಳು, ಬಾ ಅನ್ನಲಿಲ್ಲ.

ತಪ್ಪು ನನ್ನದು, ಸುಣ್ಣ ನನ್ನ ಉಗುರಿನದು ಎಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಆ ಒಂದು ಸಾಲಿಗೆ ಮುಗಿಯಿತು. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ನನಗ ಗೊತ್ತಿತ್ರಿ ಅಕ್ಕಾರ. ನೀವು ಕೆಲಸ ಮುಗಿಸಿದ ಮ್ಯಾಲ ತಾಟಿನ ಅಂಚಿಗಿ ಬಿಳಿ ಹತ್ತಿರತಿತ್ತು. ಅದಕ್ಕ ಸಾಬಾಣ ಇಟ್ಟಿದ್ದೆ."

ಮತ್ತೆ ಆ ದಿನ ಸರ್ ಮುಂದೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಹಗ್ಗದ ಎಳೆ ನೋಡುತ್ತ ಹೇಳಿದರು.

"ಹಾಲ ಕುಡಿಸೋ ತಾಯಿ ಎಲಿ ತಿಂತಾಳ ಅನ್ನೂದನ್ನ ಅಷ್ಟ ಗಂಡಸರ ಮುಂದ ಹೆಂಗ ಅನ್ಲಿ? ನೀವು ಸ್ಟೋರಿನ ಹಿಂದ ನಿಂತ ಮುಚ್ಚಿಕೊಂಡ ತಿಂತಿದ್ರಿ. ನೀವ ಮುಚ್ಚಿದ್ದನ್ನ ನಾ ಯಾಕ ತೆಗೀಲಿ?"

ನಾನು ಅತ್ತೆ. ಅಳು ಬಂದದ್ದಕ್ಕೂ ನಾಚಿಕೆಯಾಯಿತು, ಯಾಕೆಂದರೆ ಅವರು ಸಮಾಧಾನ ಮಾಡಲು ಶುರು ಮಾಡಿದರು. ಹೋಗಲಿ ಬಿಡ್ರಿ, ತಿಳೀದ ಆಗೇತಿ ಎಂದರು. ಆಗ ಸಾವಂತ್ರವ್ವ ಬಾಗಿಲಿನಿಂದ ಹೊರಗೆ ಬಂದಳು.

"ಅವರ ಹೋಗಲಿ ಅಂತಾರ, ನಾ ಅನ್ನಾಂಗಿಲ್ರಿ. ಇಪ್ಪತ್ತೆರಡ ವರ್ಷ ನಿಮ್ಮ ಗಾಜ ತೊಳದ ಕೈ ಅವು. ಹತ್ತ ಮಂದಿ ಮುಂದ ಹೊಳ್ಳಿಸಿ ಹೊಳ್ಳಿಸಿ ನೋಡಿದ್ರಿ. ಈಗ ಮನಿಗಿ ಬಂದ ಮೆಲ್ಲಕ ತಪ್ಪಾತು ಅಂದ್ರ, ಆ ಹತ್ತ ಮಂದಿಗಿ ಹೆಂಗ ಗೊತ್ತಾಗೂದು?"

ಚಹಾ ಕೊಟ್ಟಳು, ಕುಡಿದೆ. ನಮ್ಮ ಕಡೆ ಬಂದವರಿಗೆ ಎಲೆ ಅಡಿಕೆ ಕೊಡದೆ ಎಬ್ಬಿಸುವುದಿಲ್ಲ, ಕಡು ಜಗಳವಿದ್ದರೂ ತಟ್ಟೆ ಮುಂದಿಡುತ್ತಾರೆ. ಸಾವಂತ್ರವ್ವ ಇಡಲಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಾಯಿತು.

ಸೆಪ್ಟೆಂಬರ್ ೩, ಮಂಗಳವಾರ

ಎರಡು ದಿನ ಉಳಿದಿವೆ. ಸಮಿತಿಗೆ ತೋರಿಸುವ ಚಿತ್ರಗಳು ಸಿದ್ಧವಾಗಿವೆ. ಬೆಳಗಿನ ಅಂಕಿ, ಸೋಮವಾರಗಳ ಅಂಕಿ, ಕಳೆದ ವಾರದ ಅಂಕಿ ಕೂಡಿಸಿದರೆ ಸಾಲು ಚೆಂದ ಕಾಣುತ್ತದೆ, ಉಳಿದದ್ದನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ಅಟೆಂಡರನ ತಪ್ಪು ಎಂದು ಕಾಗದದಲ್ಲಿದೆ, ನಾನೇ ಬರೆದದ್ದು.

ಸುಣ್ಣ ಬಿಟ್ಟು ವಾರವಾಯಿತು. ತಟ್ಟೆಯಲ್ಲಿ ಎಲೆಗಳ ಬಾಯಿ ತೆರೆದಿದೆ. ನನ್ನದು ಇನ್ನೂ ತೆರೆದಿಲ್ಲ.

ಮಧ್ಯಾಹ್ನದ ತಟ್ಟೆಗಳನ್ನು ನಾನೇ ತೊಳೆದೆ. ಮನಿಷಾ ಬೇಡವೆಂದಳು. ಮೂವತ್ತು ತಟ್ಟೆ ತೊಳೆಯುವ ಹೊತ್ತಿಗೆ ಸೊಂಟ ಹಿಡಿಯಿತು.

ಸೆಪ್ಟೆಂಬರ್ ೫, ಗುರುವಾರ

ಬೆಳಿಗ್ಗೆ ಹನ್ನೊಂದಕ್ಕೆ ಶುರುವಾಯಿತು. ಸರ್, ವಿಭಾಗದ ಎಂಟು ಜನ, ಹೊರಗಿನಿಂದ ಬಂದ ಇಬ್ಬರು ಪರೀಕ್ಷಕರು. ಬಾಗಿಲ ಬಳಿ ಚಹಾದ ತಟ್ಟೆ ಹಿಡಿದು ಮನಿಷಾ. ಅಂದು ರಾಯಪ್ಪ ಅವರ ಕೈ ನೋಡಿ ನಕ್ಕವರೂ ಇದ್ದರು.

ಕೊನೆಯ ಚಿತ್ರದ ತನಕ ಸರಾಗವಾಗಿ ಮಾತಾಡಿದೆ. ಪರೀಕ್ಷಕರು ತಲೆದೂಗಿದರು. ಅಲ್ಲಿಗೇ ನಿಲ್ಲಿಸಬಹುದಿತ್ತು, ನಿಲ್ಲಿಸಿಯೂ ಬಿಟ್ಟಿದ್ದೆ. ಹಿರಿಯ ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು: ಜುಲೈ ತಿಂಗಳ ಮಧ್ಯಾಹ್ನದ ಅಂಕಿ ಎಲ್ಲಿ? ಸರ್ ನನಗಿಂತ ಮೊದಲೇ, ಒಬ್ಬ ಅಟೆಂಡರನಿಂದ ಕಲಬೆರಕೆ ಆಗಿತ್ತು, ಅವನನ್ನು ತೆಗೆದಿದ್ದೇವೆ ಎಂದರು.

ಅಲ್ಲ ಸರ್ ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಇನ್ನೊಮ್ಮೆ ಅಂದೆ.

ಆಮೇಲೆ ಹೇಳಿದೆ. ಹಾಲೂಡಿಸುತ್ತಿದ್ದೇನೆ, ಊಟದ ಮೇಲೆ ಸುಣ್ಣ ಹಚ್ಚಿ ಎಲೆ ತಿನ್ನುತ್ತಿದ್ದೆ, ಯಾರೂ ನೋಡಬಾರದೆಂದು ಸ್ಟೋರಿನ ಹಿಂದೆ ತಿನ್ನುತ್ತಿದ್ದೆ, ಬಾಯಿ ತೊಳೆಯುತ್ತಿದ್ದೆ, ಉಗುರು ತೊಳೆಯಲಿಲ್ಲ. ಸೋಮವಾರದ ಒಪ್ಪತ್ತು ರಾಯಪ್ಪ ಅವರಿಗೂ ಇತ್ತು, ನನಗೂ ಇತ್ತು, ನಾನು ಅವರದನ್ನು ಮಾತ್ರ ಎಣಿಸಿದೆ. ಅವರು ತೊಳೆದ ತಟ್ಟೆಗಳನ್ನು ಪರೀಕ್ಷಿಸಿದ್ದೇನೆ, ಅವು ಎಲ್ಲಕ್ಕಿಂತ ಶುದ್ಧವಾಗಿದ್ದವು. ಇಷ್ಟು ಹೇಳಿ ಬಲಗೈ ಮುಂದೆ ಚಾಚಿದೆ. ಅಂಗೈ ತೋರಿಸಿದೆ, ಆಮೇಲೆ ಹೊರಳಿಸಿ ಹಿಂಬದಿ ತೋರಿಸಿದೆ. ಯಾರೂ ಹೇಳಿರಲಿಲ್ಲ, ಕೈ ತಾನೇ ಹೊರಳಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರವಾಗುತ್ತಿತ್ತೋ ಏನೋ.

ಜುಲೈ ಮತ್ತು ಆಗಸ್ಟಿನ ಅಂಕಿಗಳನ್ನೆಲ್ಲ ಬಿಟ್ಟು ಮೊದಲಿನಿಂದ ಮಾಡಬೇಕೆಂದು ಸಮಿತಿ ಬರೆದುಕೊಂಡಿತು. ಅವಧಿ ವಿಸ್ತರಣೆ ಸಿಗುತ್ತದೆಯೋ ಇಲ್ಲವೋ ವಿಶ್ವವಿದ್ಯಾಲಯ ಹೇಳಬೇಕು. ಹೊರಗೆ ಬಂದ ಮೇಲೆ ಸರ್, "ಇದನ್ನ ನೀವು ನನಗ ಒಬ್ಬಂವಗ ಹೇಳಬಹುದಿತ್ತು" ಎಂದು ಹೊರಟುಹೋದರು. ಹೌದು, ಹೇಳಬಹುದಿತ್ತು.

ಊಟದ ಹೊತ್ತಿಗೆ ಮನಿಷಾ ತನ್ನ ಡಬ್ಬಿ ತಂದು ನನ್ನ ಎದುರು ಕುಳಿತಳು. ಅವಳ ಮುಂದೆಯೇ, ಅವ್ವ ಕಟ್ಟಿಕೊಟ್ಟಿದ್ದ ಎಲೆ ಬಿಚ್ಚಿ ತಿಂದೆ, ಆಮೇಲೆ ಕೈ ತೊಳೆದೆ.

ಸೆಪ್ಟೆಂಬರ್ ೬, ಶುಕ್ರವಾರ

ಹಳೆಯ ದೂರು ಹಿಂತೆಗೆದುಕೊ‌ಳ್ಳುವ ಕಾಗದವನ್ನು ಮೂರು ಸಲ ಬರೆದೆ. ಮೊದಲ ಸಲ 'ತಪ್ಪು ತಿಳಿವಳಿಕೆಯಿಂದ' ಎಂದು ಬಂತು, ಹರಿದೆ. ಎರಡನೆಯದರಲ್ಲಿ ನನ್ನ ಹೆರಿಗೆ, ದಣಿವು ಎಲ್ಲ ಬಂತು, ಅದನ್ನೂ ಹರಿದೆ. ಮೂರನೆಯದಕ್ಕೆ ಸರ್ ಸಹಿ ಹಾಕಿದರು. ಕಣ್ಣೆತ್ತಿ ನೋಡಲಿಲ್ಲ, ಆದರೆ ಗುತ್ತಿಗೆಯವರಿಗೆ ನನ್ನೆದುರಿಗೇ ಫೋನು ಮಾಡಿದರು. ಮನಿಷಾಳಿಗೆ ಮೇಲಿನ ಮಹಡಿಯ ವಿಭಾಗದಲ್ಲಿ ಕೆಲಸವಿದೆ, ರಾಯಪ್ಪ ಅವರು ಬಯಸಿದರೆ ಹಳೆಯ ಜಾಗಕ್ಕೆ ಬರಬಹುದಂತೆ. ಬಯಸಿದರೆ.

ಸೆಪ್ಟೆಂಬರ್ ೮, ಭಾನುವಾರ

ನಿನ್ನೆ ಗಣಪತಿ ಕೂಡ್ರಿಸಿದರು, ದೇಸೂರಿನ ಓಣಿಯಲ್ಲಿ ಜನ ತುಂಬಿತ್ತು. ಕೂಸನ್ನೂ ಎತ್ತಿಕೊಂಡು ಹೋಗಿದ್ದೆ. ಕಾಗದವನ್ನು ರಾಯಪ್ಪ ಕಾಕಾ ಅವರ ಕೈಗೆ ಕೊಡಲು ಹೋದೆ. ಸಾವಂತ್ರವ್ವ ಅದನ್ನು ನಡುವೆಯೇ ತೆಗೆದುಕೊಂಡು, ತಿರುಗಿಸಿ ನೋಡಿ, ನನಗೇ ವಾಪಸು ಕೊಟ್ಟಳು.

"ನನಗ ಓದಾಕ ಬರಂಗಿಲ್ಲ. ನೀವ ಓದ್ರಿ. ಕಟ್ಟಿ ಮ್ಯಾಲ ನಿಂತ ಓದ್ರಿ, ಬಾಜೂ ಮನಿಯಾವ್ರಿಗೂ ಕೇಳಸಲಿ."

ಕಾಕಾ ಬೇಡವೆಂದು ಕೈ ಆಡಿಸಿದರು. ನಾನು ಕೂಸನ್ನು ಅವಳ ಕೈಗಿತ್ತು ಕಟ್ಟೆ ಹತ್ತಿದೆ. ಓಣಿಯವರು ನಿಂತು ನೋಡಿದರು. 'ಆಗಸ್ಟ್ ಹದಿನಾಲ್ಕರಂದು ನಾನು ಕೊಟ್ಟ ದೂರು ಸುಳ್ಳಾಗಿತ್ತು. ತಟ್ಟೆಗಳಿಗೆ ಸುಣ್ಣ ತಗುಲಿದ್ದು ಶ್ರೀ ರಾಯಪ್ಪ ಅವರ ಕೈಯಿಂದ ಅಲ್ಲ, ನನ್ನ ಬಲಗೈಯ ತೋರುಬೆರಳಿನಿಂದ. ಅವರು ತೊಳೆದ ಗಾಜಿನಲ್ಲಿ ಯಾವ ದೋಷವೂ ಇರಲಿಲ್ಲ.' ಸಾವಂತ್ರವ್ವ ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿದಳು. ಓದಿದೆ.

ಕೆಲಸಕ್ಕೆ ಬರುತ್ತೀರಾ ಎಂದು ಕಾಕಾ ಅವರನ್ನು ಕೇಳಿದೆ. ನೋಡೂಣು ಎಂದರು. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಒತ್ತಾಯಿಸುವ ಹಕ್ಕು ನನಗಿಲ್ಲ.

ಹೊರಡಲು ಎದ್ದೆ. ಸಾವಂತ್ರವ್ವ, ತಡೀರಿ ಎಂದು ಒಳಗೆ ಹೋಗಿ ಎಲೆಯ ತಟ್ಟೆ ತಂದು ಕಟ್ಟೆಯ ಮೇಲಿಟ್ಟಳು. ಕೂಸು ಈಗ ನನ್ನ ಎಡಗೈಯಲ್ಲಿತ್ತು. ಬಲಗೈ ಸುಣ್ಣದ ಕರಡಿಗೆಯ ತನಕ ಹೋಗಿ ನಿಂತುಬಿಟ್ಟಿತು. ಮುಂದೆ ಹೋಗಲಿಲ್ಲ.

ಕಾಕಾ ಅದನ್ನು ನೋಡಿದರು. ಕರಡಿಗೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಒಂದು ಎಲೆ ಆರಿಸಿ, ತೊಟ್ಟು ಮುರಿದು, ತಮ್ಮ ಬೆರಳಿನಿಂದ ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿದರು.

"ನೀವು ಸುಣ್ಣ ಮುಟ್ಟಬ್ಯಾಡ್ರಿ ಅಕ್ಕಾರ, ಕೂಸ ಐತಿ ಕೈಯಾಗ" ಎಂದು ಮಡಚಿದ ಎಲೆಯನ್ನು ನನ್ನ ಮುಂದೆ ಹಿಡಿದರು.

ಕೈ ಚಾಚಿ ತೆಗೆದುಕೊಂಡೆ.